ಒಂದು ಕಟ್ಟು ಓಲೆಗರಿಗೆ ಮೀಸಲಾದ ಬದುಕು

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಚರಿತ್ರೆಯನ್ನು ನೆನೆಯುವಾಗ ರುದ್ರಪಟ್ಟಣಕ್ಕೆ ಮೊದಲ ವಂದನೆ ಸಲ್ಲಬೇಕು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ಈ ಊರನ್ನು ನಾಡು ಸಂಗೀತಗ್ರಾಮವೆಂದು ಬಲ್ಲದು. ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರನ್ನು ಕೊಟ್ಟ ಊರದು. ಅಲ್ಲಿನ ಸಂಕೇತಿ ಮನೆತನಗಳಲ್ಲಿ ಸಂಗೀತದಷ್ಟೇ ಶ್ರದ್ಧೆಯಿಂದ ಶಾಸ್ತ್ರಾಧ್ಯಯನವೂ ನಡೆದು ಬಂದಿದೆ. ನಮ್ಮ ಸಂಸ್ಥೆಗೆ ಜಗತ್ತಿನ ಮನ್ನಣೆ ತಂದ ಮಹಾಮಹೋಪಾಧ್ಯಾಯ ಶಾಮಾಶಾಸ್ತ್ರಿಗಳು 1868ರಲ್ಲಿ ಜನಿಸಿದ್ದು ಅಲ್ಲಿಯೇ.

ಸಂಸ್ಥೆಯ ಸ್ಥಾಪನೆಯಾದದ್ದು 1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ 1887ರಲ್ಲಿ ಶಂಕುಸ್ಥಾಪನೆಗೊಂಡ ಜ್ಯುಬಿಲಿ ಕಟ್ಟಡವೇ ಅದರ ಮನೆಯಾಯಿತು. ಆಗಿನ ಹೆಸರು ಓರಿಯಂಟಲ್ ಲೈಬ್ರರಿ. ಮನೆಗಳ ಅಟ್ಟದಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಹುಳು ಹಿಡಿಯುತ್ತಿದ್ದ ಓಲೆಗರಿಗಳನ್ನು ತಂದು, ಓದಿ, ಪ್ರತಿಮಾಡಿ, ಅಚ್ಚು ಹಾಕಿಸುವುದು ಸ್ಥಾಪಕರ ಸಂಕಲ್ಪ. ಆರಂಭದ ದಿನಗಳ ಕ್ಯುರೇಟರ್ ಎ. ಮಹಾದೇವಶಾಸ್ತ್ರಿಗಳು ತೈತ್ತಿರೀಯ ಸಂಹಿತೆಯ ಭಟ್ಟಭಾಸ್ಕರ ಭಾಷ್ಯದಂಥ ಗ್ರಂಥಗಳನ್ನು ಸಂಪಾದಿಸಿ ಆ ಸಂಕಲ್ಪಕ್ಕೆ ಗಟ್ಟಿ ತಳಪಾಯ ಹಾಕಿದರು. ಸಂಸ್ಕೃತದಲ್ಲಿ ವಿದ್ವತ್ತನ್ನೂ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದಿದ್ದ ಶಾಮಾಶಾಸ್ತ್ರಿಗಳು ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಇಲ್ಲಿ ಗ್ರಂಥಪಾಲಕರಾದರು.

1905ರ ಹೊತ್ತಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಕಟ್ಟು ಓಲೆಗರಿಯನ್ನು ತಂದು ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗವೂ ಇತ್ತು. ಮಹಾರಾಜರ, ದಿವಾನರ ಹೆಸರುಗಳು ನಮ್ಮ ದಾಖಲೆಗಳಲ್ಲಿ ದಪ್ಪಕ್ಷರದಲ್ಲಿವೆ. ಈ ದಾನಿಯನ್ನು ಗ್ರಂಥದ ಪೀಠಿಕೆ ‘ಒಬ್ಬ ಪಂಡಿತ’ ಎಂದಷ್ಟೇ ಸ್ಮರಿಸುತ್ತದೆ. ಸಂಸ್ಥೆ ಪಡೆದ ದಾನಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಾಣೆವು.

ಅದು ಕೌಟಿಲ್ಯನ ಅರ್ಥಶಾಸ್ತ್ರ. ದಂಡಿಯ ದಶಕುಮಾರಚರಿತೆಯಲ್ಲಿ ಅದರ ಪ್ರಸ್ತಾಪವಿದೆ, ಕಾಮಂದಕನ ನೀತಿಸಾರ ಅದಕ್ಕೆ ಋಣಿ. ಮೂಲವನ್ನು ಮಾತ್ರ ವಿದ್ವಾಂಸರು ಕಳೆದುಹೋಯಿತೆಂದೇ ಕೈಬಿಟ್ಟಿದ್ದರು. 15 ಅಧಿಕರಣ, 150 ಅಧ್ಯಾಯ, 180 ಪ್ರಕರಣಗಳ ಗ್ರಂಥ. ಸುಂಕ, ಗಣಿ, ಆನೆಕಾಡು, ತೂಕ ಅಳತೆ, ಗೂಢಚಾರರು: ಕಾವ್ಯ ವೇದಾಂತಗಳಲ್ಲಿ ಪಳಗಿದ ಪಂಡಿತರಿಗೆ ಅಪರಿಚಿತವಾದ ಪರಿಭಾಷೆ. ಸಂದೇಹ ಬಂದಲ್ಲಿ ಇನ್ನೊಂದು ಪ್ರತಿಯನ್ನು ತೆರೆದು ತಾಳೆ ನೋಡುವುದು ಸಂಪಾದಕರ ದಾರಿ. ಶಾಸ್ತ್ರಿಗಳಿಗೆ ಆ ಅನುಕೂಲ ಬಹುಮಟ್ಟಿಗೆ ಇರಲಿಲ್ಲ. ಆದರೂ ಅವರು ಕಾಯಲಿಲ್ಲ. ಅರ್ಥವಾದಷ್ಟನ್ನು ಇಂಗ್ಲಿಷಿಗೆ ತಿರುಗಿಸಿ ಪತ್ರಿಕೆಗಳಲ್ಲಿ ಕಂತುಕಂತಾಗಿ ಪ್ರಕಟಿಸುತ್ತಾ ಹೋದರು. ತಪ್ಪಿದ್ದರೆ ಲೋಕದ ವಿದ್ವಾಂಸರೆಲ್ಲ ಎತ್ತಿ ತೋರಿಸಲಿ ಎಂಬಂಥ ಎದೆಗಾರಿಕೆ ಅದು. ಮೂಲಗ್ರಂಥ 1909ರಲ್ಲಿ ಅಚ್ಚಾಯಿತು. ಪೂರ್ಣ ಅನುವಾದ ಜೆ.ಎಫ್. ಫ್ಲೀಟ್ ಅವರ ಮುನ್ನುಡಿಯೊಂದಿಗೆ 1915ರಲ್ಲಿ ಬಂತು. ನಡುವೆ ಬೆಂಗಳೂರಿನ ಸಂಸ್ಕೃತ ಪಾಠಶಾಲೆಯ ಹೊಣೆ ಹೆಗಲೇರಿದರೂ ಗ್ರಂಥದ ಕೆಲಸ ನಿಲ್ಲಲಿಲ್ಲ.

ಇಷ್ಟಕ್ಕೇ ತೃಪ್ತರಾಗಿ ಕೂರಬಹುದಿತ್ತು. ಅವರು 1919ರಲ್ಲಿ ಮೂಲವನ್ನು ಮತ್ತೆ ಪರಿಷ್ಕರಿಸಿದರು. ಅದರ ಪ್ರತಿ ಪದಕ್ಕೂ ಸೂಚಿ ಸಿದ್ಧಪಡಿಸಿ 1924–25ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದರು. ಪದಸೂಚಿ ಮಾಡುವುದು ಕೀರ್ತಿ ತರುವ ಕೆಲಸವಲ್ಲ, ಕಣ್ಣಿನ ಬೆಳಕನ್ನು ಬೇಡುವ ಕೆಲಸ. ಆ ವೇಳೆಗೆ ತಿರುವನಂತಪುರದ ಗಣಪತಿಶಾಸ್ತ್ರಿಗಳು, ಜರ್ಮನಿಯ ಯೋಲಿ ಮತ್ತು ಮೇಯರ್ ಈ ಗ್ರಂಥದ ಬೆನ್ನು ಹತ್ತಿದ್ದರು. ಎಲ್ಲರಿಗೂ ಮೈಸೂರಿನ ಪಾಠವೇ ಮೊದಲ ಮೆಟ್ಟಿಲು.

ಮನ್ನಣೆಗಳು ಅರಸಿಕೊಂಡು ಬಂದವು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಡಾಕ್ಟರೇಟ್ ನೀಡಿತು. ಅನಂತರ ಪುರಾತತ್ವ ಇಲಾಖೆಯ ನಿರ್ದೇಶಕರ ಪದವಿ, ಮಹಾಮಹೋಪಾಧ್ಯಾಯ ಬಿರುದು. ನಮಗೆ ಇವುಗಳಿಗಿಂತ ಹೆಚ್ಚಾಗಿ ಕಾಣುವುದು, ಮನ್ನಣೆ ಸಿಗದ ಕಡೆಯೂ ಅವರು ತೋರಿದ ನಿಷ್ಠೆ. ವೇದಗಳಲ್ಲಿ ಗ್ರಹಣಗಳ ಗಣಿತವಿದೆಯೆಂಬ ಅವರ ವಾದಕ್ಕೆ ವಿದ್ವಲ್ಲೋಕ ಅಷ್ಟಾಗಿ ಕಿವಿಗೊಡಲಿಲ್ಲ. 1908ರ ‘ಗವಾಮಯನ’ದಲ್ಲಿ ತೊಡಗಿದ ವೈದಿಕ ಕಾಲಗಣನೆಯ ಆ ಶೋಧವನ್ನು 1938ರ ‘ದ್ರಪ್ಸ’ದವರೆಗೆ ಅವರು ಬಿಡಲಿಲ್ಲ. ಆಗ ಅವರಿಗೆ 70 ವರ್ಷ.

ಸಂಸ್ಥೆ 1916ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿತ್ತು. 1943ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಶಾಸ್ತ್ರಿಗಳು ಅದನ್ನು ಕಂಡು, 1944ರ ಜನವರಿಯಲ್ಲಿ ತೀರಿಕೊಂಡರು.

ಗ್ರಂಥಲಿಪಿ, ನಂದಿನಾಗರಿ, ತಿಗಳಾರಿಗಳನ್ನು ಸರಾಗವಾಗಿ ಓದಬಲ್ಲವರು ವಿರಳವಾಗುತ್ತಿರುವ ಈ ದಿನಗಳಲ್ಲಿ, ಗರಿಗಳ ಧೂಳು ಒರೆಸಿ, ಸಿಟ್ರೊನೆಲ್ಲಾ ಎಣ್ಣೆ ಸವರಿ, ಅಕ್ಷರಕ್ಕೆ ಮಸಿ ತುಂಬಿ ಕಾಪಾಡುವ ಕೈಗಳಿಗೂ ಓದಿ ಪ್ರತಿಮಾಡುವ ಪಂಡಿತರಿಗೂ ನಾವು ಋಣಿಗಳು. ಈ ಸಂಚಿಕೆಯನ್ನು ಅವರಿಗೆ, ರುದ್ರಪಟ್ಟಣದ ಶಾಸ್ತ್ರಿಗಳಿಗೆ, ತಂಜಾವೂರಿನ ಆ ಪಂಡಿತರಿಗೆ ಗೌರವದಿಂದ ಅರ್ಪಿಸಿದ್ದೇವೆ.