ನಾಲ್ಕು ಪಾಲಾದ ಪರದೆ

1997ರ ಆಗಸ್ಟ್‌ನಲ್ಲಿ ನಿಂಟೆಂಡೊ 64 ಯಂತ್ರಕ್ಕಾಗಿ ಹೊರಬಂದ ‘ಗೋಲ್ಡನ್‌ಐ 007’ ಆಟಕ್ಕೆ ಇಂದು ಬೆಲೆಕಟ್ಟುವವರಲ್ಲಿ ಎರಡು ಪಂಗಡಗಳಿವೆ. ಬಾಲ್ಯದಲ್ಲಿ ಆಡಿದವರಿಗೆ ಅದು ಪ್ರಶ್ನಾತೀತ. ಈಚೆಗೆ ಮೊದಲ ಸಲ ಕೈಗೆತ್ತಿಕೊಂಡವರಿಗೆ ಅದು ಮಸುಕಾದ, ಕುಂಟುವ, ಕೈಗೆ ಒಗ್ಗದ ಆಟ. ಇಬ್ಬರೂ ಅದನ್ನು ಅದರ ಕಾಲದಲ್ಲಿಟ್ಟು ನೋಡುತ್ತಿಲ್ಲವೆಂದೇ ನನ್ನ ಎಣಿಕೆ.

ಆಟಗಾರನ ಕಣ್ಣಿಗೆ ಕಂಡಂತೆಯೇ ಲೋಕವನ್ನು ತೋರಿಸುವ ಗುಂಡಿನ ಆಟಗಳು ಅದಕ್ಕೆ ಮೊದಲೇ ಇದ್ದವು. 1993ರ ‘ಡೂಮ್’ ಪರಸ್ಪರ ಹೊಡೆದಾಡುವ ರೂಢಿಯನ್ನು ಜನಪ್ರಿಯಗೊಳಿಸಿತ್ತು. ಆದರೆ ಅದಕ್ಕೆ ತಂತಿಯಿಂದ ಜೋಡಿಸಿದ ಕಂಪ್ಯೂಟರುಗಳು ಬೇಕು, ತಲೆಗೊಂದು ಪರದೆ ಬೇಕು. ನಿಂಟೆಂಡೊ 64ರ ಮುಂಭಾಗದಲ್ಲಾದರೋ ನಾಲ್ಕು ನಿಯಂತ್ರಕಗಳಿಗೆ ಜಾಗವಿತ್ತು. ಪರದೆ ಮಾತ್ರ ಒಂದೇ, ಮನೆಯ ಟೀವಿ.

ಆಟವನ್ನು ರಚಿಸಿದ್ದು ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಸಂಸ್ಥೆ. ಮಾರ್ಟಿನ್ ಹಾಲಿಸ್ ಮುಂದಾಳತ್ವದ ಆ ಪುಟ್ಟ ತಂಡದಲ್ಲಿ ಹೆಚ್ಚಿನವರಿಗೆ ಇದೇ ಮೊದಲ ಆಟ. ಚಲನಚಿತ್ರ 1995ರಲ್ಲೇ ತೆರೆಕಂಡಿತ್ತು. ಆಟ ಬರುವ ಹೊತ್ತಿಗೆ ಅದರ ಬಿಸಿ ಆರಿತ್ತು. ಈಗ ಎಲ್ಲರೂ ನೆನೆಯುವ ನಾಲ್ವರ ಕಾಳಗವಂತೂ ಮೂಲ ಯೋಜನೆಯಲ್ಲೇ ಇರಲಿಲ್ಲ. ಸ್ಟೀವ್ ಎಲ್ಲಿಸ್ ಅದನ್ನು ಕೊನೆಯ ಕೆಲವು ತಿಂಗಳುಗಳಲ್ಲಿ ಕಟ್ಟಿ ಸೇರಿಸಿದರು.

ಅವಸರದ ಗುರುತುಗಳು ಉಳಿದಿವೆ. ಒಂದೇ ಕೋಣೆಯನ್ನು ನಾಲ್ಕು ದಿಕ್ಕಿನಿಂದ ಚಿತ್ರಿಸಬೇಕಾದ ಯಂತ್ರ, ಸ್ಫೋಟಗಳು ಹೆಚ್ಚಿದಂತೆ ಏದುಸಿರು ಬಿಡುತ್ತದೆ. ಇದನ್ನು ಅಂದಿನ ಮಿತಿಯೆಂದು ಮನ್ನಿಸಬಹುದೇ ಹೊರತು ಗುಣವೆಂದು ಹಾಡಿಹೊಗಳಲಾಗದು. ಕುಳ್ಳನಾದ ಆಡ್‌ಜಾಬ್ ಪಾತ್ರವನ್ನು ಆರಿಸಿಕೊಂಡವನ ತಲೆಯ ಮೇಲಿಂದ ಎದುರಾಳಿಯ ಗುಂಡು ಹಾರಿಹೋಗುತ್ತಿತ್ತು. ಇದು ಶುದ್ಧ ಅಸಮತೋಲನ. ಅದನ್ನು ತಿದ್ದಿದವರು ಆಟಗಾರರೇ: ಅವನನ್ನು ಯಾರೂ ಆರಿಸಕೂಡದೆಂಬ ಕಟ್ಟಳೆ ಅನೇಕ ಮನೆಗಳಲ್ಲಿ ತಾನಾಗಿ ಹುಟ್ಟಿತು.

ಪರದೆಯ ಹಂಚಿಕೆಯದು ಬೇರೆಯೇ ಕಥೆ. ಇಸ್ಪೀಟಿನಲ್ಲಿ ಪಕ್ಕದವನ ಎಲೆಗಳನ್ನು ಇಣುಕುವುದು ಮೋಸ; ಇಲ್ಲಿ ನಾಲ್ವರ ಎಲೆಗಳೂ ನೆಲದ ಮೇಲೆ ತೆರೆದೇ ಇವೆ. ಎದುರಾಳಿ ಎಲ್ಲಿದ್ದಾನೆಂದು ತಿಳಿಯಲು ಅವನ ಪಾಲಿನ ಮೂಲೆಯತ್ತ ಕಣ್ಣು ಹಾಯಿಸಿದರೆ ಸಾಕು. ಹಾಗಾಗಿ ಜಾಣರು ಗುರುತು ಸಿಗದ ಗೋಡೆಗೆ ಮುಖಮಾಡಿ ಕಾದು ನಿಲ್ಲುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ತಾನೇ ಸಿಡಿಯುವ ಬಾಂಬನ್ನು ಬಾಗಿಲ ಮರೆಯಲ್ಲಿ ಅಂಟಿಸಿ, ಏನೂ ಅರಿಯದವರಂತೆ ನಡೆದುಬಿಡುತ್ತಿದ್ದರು. ವೇಗಕ್ಕಿಂತ ನಟನೆಗೆ, ಪಕ್ಕದವನ ಸ್ವಭಾವದ ಅರಿವಿಗೆ ಇಲ್ಲಿ ಹೆಚ್ಚಿನ ಬೆಲೆ. ತಾಂತ್ರಿಕ ದೋಷವೆಂದು ಪಟ್ಟಿಯಾಗುವ ಈ ಅಂಶವೇ, ನನ್ನ ದೃಷ್ಟಿಯಲ್ಲಿ, ಆಟದ ತಿರುಳು.

ನಿಯಂತ್ರಣದ ಬಗ್ಗೆ ಈಗಿನವರ ದೂರು ನ್ಯಾಯವಾದದ್ದೇ. ಇದ್ದದ್ದು ಒಂದೇ ಕಡ್ಡಿ. ನಡೆಯುವುದು, ತಿರುಗುವುದು ಅದರಿಂದ; ಪಕ್ಕಕ್ಕೆ ಸರಿಯಲು ಗುಂಡಿಗಳು; ಸೂಕ್ಷ್ಮವಾಗಿ ಗುರಿಯಿಡಬೇಕಾದರೆ ನಿಲ್ಲಬೇಕು. ಆದರೆ ಒಬ್ಬನೇ ಎರಡು ನಿಯಂತ್ರಕಗಳನ್ನು ಹಿಡಿದು ಎರಡು ಕಡ್ಡಿಗಳಿಂದ ಆಡುವ ಆಯ್ಕೆಯೂ ಅದರಲ್ಲಿತ್ತೆಂಬುದನ್ನು ದೂರುವವರು ಗಮನಿಸುವುದಿಲ್ಲ. 2001ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ‘ಹೇಲೋ’ ಎರಡು ಕಡ್ಡಿಗಳ ಕ್ರಮವನ್ನು ಒಂದೇ ಹಿಡಿಕೆಯಲ್ಲಿ ಹದಗೊಳಿಸಿತು. 2004ರ ‘ಹೇಲೋ 2’ ಎದುರಾಳಿಗಳನ್ನು ಅಂತರ್ಜಾಲದ ಆಚೆ ತುದಿಗೆ ಕಳಿಸಿತು. 2015ರ ‘ಹೇಲೋ 5’ರಲ್ಲಿ ಪರದೆ ಹಂಚಿಕೊಳ್ಳುವ ಅವಕಾಶವೇ ಇರಲಿಲ್ಲ. ಕುಶಲತೆಯಲ್ಲಿ ಈ ಆಟಗಳು ಗೋಲ್ಡನ್‌ಐಯನ್ನು ಹಿಂದಿಕ್ಕಿದವು, ಸಂಶಯವಿಲ್ಲ. ಸೋತವನ ಮುಖ ಮಾತ್ರ ಅವುಗಳಲ್ಲಿ ಕಾಣದಾಯಿತು.

2023ರ ಜನವರಿಯಲ್ಲಿ ಗೋಲ್ಡನ್‌ಐ ಮತ್ತೆ ಬಂತು. ನಿಂಟೆಂಡೊ ಸ್ವಿಚ್‌ನಲ್ಲಿ ದೂರದವರೊಡನೆ ಅಂತರ್ಜಾಲದ ಮೂಲಕ ಆಡಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಆ ಸೌಲಭ್ಯವಿಲ್ಲ. ನಾಲ್ವರ ಕಾಳಗ ನಡೆಯಬೇಕಾದರೆ ಅಲ್ಲಿ ಈಗಲೂ ಮೂವರನ್ನು ಮನೆಗೆ ಕರೆಯಬೇಕು.