ಪದ ಪರಿಚಯ: ಇಸಾಕ

ಇಸಾಕ ಎಂಬುದು ಹೀಬ್ರೂವಿನ ‘ಯಿತ್ಸ್‌ಹಾಕ್’ ಎಂಬ ಹೆಸರಿನ ಕನ್ನಡ ರೂಪ; ಅರ್ಥ, ‘ಅವನು ನಗುತ್ತಾನೆ’. ಮುಪ್ಪಿನಲ್ಲಿ ಮಗ ಹುಟ್ಟುವನೆಂಬ ಮಾತು ಕೇಳಿ ಇಸಾಕನ ತಂದೆ ಅಬ್ರಹಾಮ, ತಾಯಿ ಸಾರಾ ಇಬ್ಬರೂ ನಕ್ಕದ್ದನ್ನು ಬೈಬಲಿನ ಆದಿಕಾಂಡದ 17 ಮತ್ತು 18ನೇ ಅಧ್ಯಾಯಗಳು ಹೇಳುತ್ತವೆ. ಕನ್ನಡ ಬೈಬಲ್ ಈ ಹೆಸರನ್ನು ಅನುವಾದಿಸದೆ, ಉಚ್ಚಾರವನ್ನಷ್ಟೇ ಕನ್ನಡಕ್ಕೆ ಒಗ್ಗಿಸಿಕೊಂಡಿದೆ. ಹಾಗಾದರೆ ಹೆಸರಿಗೂ ನಗೆಗೂ ಇರುವ ನಂಟು ಓದುಗರ ಕೈತಪ್ಪುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೆಸರಿನ ಮೊದಲ ಕೆಲಸ ವ್ಯಕ್ತಿಯನ್ನು ಗುರುತಿಸುವುದು; ಅರ್ಥ ಆಮೇಲಿನದು. ಉದಾಹರಣೆಗೆ, ಬೆಳಗಾವಿ ಭಾಗದ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಲ್ಲಪ್ಪ ಎಂಬ ಹೆಸರಿನವನು ನಿಪ್ಪಾಣಿ, ಕಾಗವಾಡಗಳ ಮರಾಠಿ ಮಾತಿನಲ್ಲೂ ‘ಕಲ್ಲಾಪ್ಪಾ’ ಆಗಿಯೇ ಉಳಿಯುತ್ತಾನೆ. ಕಲ್ಲಿಗೆ ಮರಾಠಿಯಲ್ಲಿ ‘ದಗಡ’ ಎಂಬ ಪದವಿದ್ದರೂ ಯಾರೂ ಅವನ ಹೆಸರು ಬದಲಿಸುವುದಿಲ್ಲ. ಹೆಸರನ್ನು ಉಳಿಸಿ, ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದೇ ಸರಿಯಾದ ಕ್ರಮ.