ಹೆರಿಗೆಯ ಭಯಕ್ಕೂ ಒಂದು ಚರಿತ್ರೆಯಿದೆ

ತಾಜ್ ಮಹಲಿನ ಚಿತ್ರವನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಅದು ಪ್ರೇಮದ ಸ್ಮಾರಕವೆಂದು ಎಲ್ಲರೂ ಹೇಳುತ್ತಾರೆ. ಆದರೆ ಮುಮ್ತಾಜ್ ಮಹಲ್ ತೀರಿಕೊಂಡದ್ದು ಹೇಗೆ? 1631ರ ಜೂನ್‌ನಲ್ಲಿ, ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಬಾದಶಹನ ಬೇಗಂಗೇ ಹೀಗಾದ ಮೇಲೆ ಸಾಮಾನ್ಯ ಮನೆಯ ಹೆಣ್ಣು ಹೆದರಿದ್ದರಲ್ಲಿ ಆಶ್ಚರ್ಯವೇನು? ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರೀ ಮಾತಿಗಾಗಿ ಅಲ್ಲ.

ಹೆಂಗಸರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿದ್ಯಾವಂತರ ಹಳೆಯ ಚಾಳಿ. 1840ರ ದಶಕದಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಮೊದಲನೆಯದಕ್ಕೆ ಸೇರಿಸಬೇಡಿರೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ಕೆಲವರು ಅಲ್ಲಿಗೆ ಹೋಗುವ ಬದಲು ಬೀದಿಯಲ್ಲೇ ಹೆರುತ್ತಿದ್ದರು. ಲೆಕ್ಕ ನೋಡಿದರೆ ಅವರ ಭಯವೇ ಸರಿ: 1846ರಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸತ್ತರು, ಎರಡನೆಯದರಲ್ಲಿ ಸುಮಾರು 3. ಶವ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸಲು ಬರುತ್ತಿದ್ದರು. 1847ರಲ್ಲಿ ಡಾ. ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಕಡ್ಡಾಯ ಮಾಡಿದರು. ಬಾಣಂತಿ ಜ್ವರದ ಸಾವುಗಳು ಥಟ್ಟನೆ ಇಳಿದವು. ವೈದ್ಯರಿಗಿಂತ ಮೊದಲೇ ಆ ಬಡ ಹೆಂಗಸರಿಗೆ ಅಪಾಯ ಎಲ್ಲಿದೆಯೆಂದು ಗೊತ್ತಿತ್ತು!

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಸಾವಿನ ಭಯದ ಜೊತೆ ಇನ್ನೊಂದು ಸೇರಿಕೊಂಡಿತ್ತು. ಪರದೆಯೊಳಗಿನ ಹೆಣ್ಣು ಪರಪುರುಷ ವೈದ್ಯನ ಮುಂದೆ ಹೇಗೆ ಮಲಗಿಯಾಳು? ಆಸ್ಪತ್ರೆಗೆ ಹೋಗುವುದೇ ಬೇಡವೆಂದು ಮನೆಯಲ್ಲೇ ಉಳಿದು ಪ್ರಾಣ ಕಳೆದುಕೊಂಡವರಿದ್ದರು. ಈ ಭಯವನ್ನು ಅರ್ಥಮಾಡಿಕೊಂಡವರು ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. 1925ರಲ್ಲಿ ಅವರು ದಂಡು ಪ್ರದೇಶದಲ್ಲಿ ಕಟ್ಟಿಸಿದ ಹೆರಿಗೆ ಆಸ್ಪತ್ರೆಯೇ ಶಿವಾಜಿನಗರದ ಗೋಷಾ ಆಸ್ಪತ್ರೆ. 'ಗೋಷಾ' ಎಂದರೆ ಫಾರ್ಸಿ, ಉರ್ದುವಿನಲ್ಲಿ ಮೂಲೆ, ಏಕಾಂತ. ಅದರಿಂದಲೇ ಪರದೆಯೆಂಬ ಅರ್ಥವೂ ಬಂತು. ಹೆದರಬೇಡವೆಂದು ಬುದ್ಧಿ ಹೇಳುವುದು ಸುಲಭವಿತ್ತು. ಸೇಠರು ಅದರ ಬದಲು ಭಯಕ್ಕೆ ಒಂದು ಮರೆ ಕಟ್ಟಿಸಿದರು. ಇಂದು ಅದು ಎಲ್ಲ ಸಮುದಾಯದ ತಾಯಂದಿರ ಸರ್ಕಾರಿ ಆಸ್ಪತ್ರೆ. ಹಳೆಯ ನಗರದ ವಾಣಿ ವಿಲಾಸ ಆಸ್ಪತ್ರೆ ಬಂದದ್ದು 1935ರಲ್ಲಿ.

1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಆರಂಭವಾದ ನಮ್ಮ ವೈಟ್‌ಫೀಲ್ಡ್‌ನಲ್ಲಿ ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೂ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಮೇಲೆ ಸಂಶಯ ಬಂದಾಗ, ರಾಜ್ಯದ ಎಷ್ಟು ಗರ್ಭಿಣಿಯರು ನಿದ್ದೆಗೆಟ್ಟಿರಬಹುದು?

ಈ ಭಯ ಕೆಲವರಲ್ಲಿ ಕಾಯಿಲೆಯಷ್ಟೇ ತೀವ್ರವಾಗಿರುತ್ತದೆ. ಫ್ರಾನ್ಸಿನ ವೈದ್ಯ ಮಾರ್ಸೆ 1858ರಲ್ಲೇ ಇದನ್ನು ಬರೆದಿಟ್ಟಿದ್ದರು. 2000ದಲ್ಲಿ ಇಂಗ್ಲೆಂಡಿನ ಮನೋವೈದ್ಯರು ಇದನ್ನು 'ಟೋಕೋಫೋಬಿಯಾ' ಎಂಬ ಹೆಸರಿನಲ್ಲಿ ವಿವರಿಸಿದರು. ಹೆಸರಿಲ್ಲದ ಭಯ ನಮ್ಮ ಸುತ್ತಲೂ ಇದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಆದರೆ ಕಟ್ಟಡ ಕೆಲಸಕ್ಕೆಂದು ರಾಯಚೂರಿನಿಂದಲೋ ಬಿಹಾರದಿಂದಲೋ ಬಂದು ಇಲ್ಲಿನ ಶೆಡ್‌ಗಳಲ್ಲಿರುವ ಹುಡುಗಿಗೆ ತವರು ಎಲ್ಲಿ, ತಾಯಿ ಎಲ್ಲಿ? ನರ್ಸ್ ಆಡುವ ಭಾಷೆಯೂ ಅವಳಿಗೆ ತಿಳಿಯದು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಗರ್ಭಿಣಿಯ ಜೊತೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ತಿಳಿಸಿದೆ. ತಾಯಿ, ಅತ್ತೆ, ಅಕ್ಕ, ಇಂಥ ಸಂಬಂಧಿಕರಲ್ಲಿ ಒಬ್ಬರು. ತಾನೂ ಹೆತ್ತವಳಾಗಿದ್ದರೆ ಉತ್ತಮ. ಆಕೆಗೆ ಸೋಂಕಿನ ಕಾಯಿಲೆ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ವೈದ್ಯರ ಕೆಲಸದಲ್ಲಿ ಕೈ ಹಾಕಬಾರದು. ಈ ವಿಷಯ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಿಮ್ಮ ಮನೆಯಲ್ಲಿ, ವಠಾರದಲ್ಲಿ ಯಾರಾದರೂ ಗರ್ಭಿಣಿಯಿದ್ದರೆ, ತಾಯಿ ಕಾರ್ಡ್ ಮಾಡಿಸುವ ದಿನವೇ ಜೊತೆಯಲ್ಲಿ ಯಾರನ್ನು ಬಿಡುತ್ತೀರೆಂದು ಕೇಳಿ ಬನ್ನಿರಿ.